ಯಾರ ಕೈಗೆ ಯಾವ ಐರನ್?: ಮುಡುಕುತೊರೆ ಬಳಿ ನಡೆದ ಒಂದು ಅಭ್ಯಾಸ ಪಾಠದ ಅಧ್ಯಯನ

ತರಗತಿ: 9
ವಿಷಯ: ವಿಜ್ಞಾನ
ಘಟಕ: ಬಲ ಮತ್ತು ಚಲನೆಯ ನಿಯಮಗಳು
ಉಪಘಟಕ: ಜಡತ್ವ, ಅದರ ಅನ್ವಯ
ಅವಧಿ: 40 ನಿಮಿಷಗಳ ಎರಡು ಪಾಠಗಳು, ಎರಡು ವಿಭಾಗಗಳಲ್ಲಿ

ಹಿನ್ನೆಲೆ

ಮುಡುಕುತೊರೆ ಸುತ್ತಲಿನ ಪ್ರೌಢಶಾಲೆಯೊಂದಕ್ಕೆ ಈ ಬಾರಿ ನಮ್ಮ ಆರು ಮಂದಿ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಹೋಗಿದ್ದರು. ಭೌತವಿಜ್ಞಾನ ಬೋಧನಾ ವಿಧಾನದ ಮಾರ್ಗದರ್ಶಕನಾಗಿ ನಾನು ವಾರಕ್ಕೆರಡು ದಿನ ಅವರ ಪಾಠಗಳನ್ನು ವೀಕ್ಷಿಸುತ್ತಿದ್ದೆ. ಅವರಲ್ಲೊಬ್ಬರು ಜಡತ್ವದ ಅನ್ವಯಕ್ಕೆ ಗಾಲ್ಫ್ ಕೋಲುಗಳನ್ನು ಆರಿಸಿಕೊಂಡು ಪಾಠ ಯೋಜನೆ ತಂದಾಗ ನನಗೆ ಅನುಮಾನವೇ ಆಯಿತು. ಬೆಟ್ಟದ ಮೇಲೆ ಮಲ್ಲಿಕಾರ್ಜುನ, ಕೆಳಗೆ ಕಾವೇರಿ, ಸುತ್ತ ಭತ್ತ ಮತ್ತು ಕಬ್ಬಿನ ಗದ್ದೆ. ಇಲ್ಲಿನ ಮಕ್ಕಳು ಗಾಲ್ಫ್ ಆಡುವುದೆಲ್ಲಿ? ಹತ್ತಿರದ ಮೈದಾನವೆಂದರೆ ಮೈಸೂರಿನ ರೇಸ್‌ಕೋರ್ಸ್ ಆವರಣದ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬು. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಿಂದೆಯೇ ಆರಂಭವಾದರೂ ನಮ್ಮ ಹಳ್ಳಿಗಳಿಗೆ ಈ ಆಟ ಇಂದಿಗೂ ಬೇಲಿಯಾಚೆಯದು. ‘ಸಾಮಗ್ರಿ ಎಲ್ಲಿ ಸಿಗುತ್ತದೆ?’ ಎಂದು ಕೇಳಿದೆ. ‘ಮನೇಲಿ ಎರಡು ಹಳೇ ಕೋಲಿವೆ ಸರ್’ ಎಂದಷ್ಟೇ ಹೇಳಿದರು. ನಾನು ಮುಂದೆ ಕೇಳಲಿಲ್ಲ, ಯೋಜನೆಗೆ ಸಹಿ ಹಾಕಿದೆ.

ಅಲ್ಲಿ ಕೇಳದೆ ಬಿಟ್ಟದ್ದು ನನ್ನ ತಪ್ಪು. ಅದು ಮೊದಲ ಪಾಠ ಮುಗಿದ ಮೇಲೆ ತಿಳಿಯಿತು.

ಮೊದಲ ಪಾಠ: ಪಟ್ಟಿ

ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಮೂರು ಕಂಬಸಾಲುಗಳ ಪಟ್ಟಿ ಬರೆದರು: ಹೊಸಬ, ನಡುಮಟ್ಟದವ, ನುರಿತವ. ಹೊಸಬನಿಗೆ ಅಗಲ ತಳದ, ಬೆನ್ನು ಕೊರೆದು ಅಂಚಿಗೆ ಭಾರ ಹಂಚಿದ ‘ಕ್ಯಾವಿಟಿ ಬ್ಯಾಕ್’ ಐರನ್. ನುರಿತವನಿಗೆ ತೆಳು ತಳದ, ಒಂದೇ ಉಕ್ಕಿನ ತುಂಡನ್ನು ಬಡಿದು ಮಾಡಿದ ‘ಬ್ಲೇಡ್’. ನಡುವಿನವನಿಗೆ ನಡುವಿನದು. ಅಂಗಡಿಗಳಲ್ಲೂ ಸಾಮಾನ್ಯವಾಗಿ ಹೀಗೆಯೇ ಹೇಳುತ್ತಾರೆ. ಆಟಗಾರನ ಹ್ಯಾಂಡಿಕ್ಯಾಪ್ ಸಂಖ್ಯೆ ಕೇಳುತ್ತಾರೆ. ಅದು ದೊಡ್ಡದಿದ್ದರೆ ಈ ಕಪಾಟು, ಚಿಕ್ಕದಿದ್ದರೆ ಆ ಕಪಾಟು.

ಪಾಠ ಸುಗಮವಾಗಿ ನಡೆಯಿತು. ಧ್ವನಿ ಸ್ಪಷ್ಟ, ಹಲಗೆ ಬರಹ ಅಚ್ಚುಕಟ್ಟು, ಕೊನೆಯ ಮೌಲ್ಯಮಾಪನ ಪ್ರಶ್ನೆಗಳಿಗೆ ಮಕ್ಕಳು ಒಟ್ಟಾಗಿ ಸರಿಯುತ್ತರ ಕೊಟ್ಟರು. ವೀಕ್ಷಣಾ ನಮೂನೆಯಲ್ಲಿ ನಾನು ಒಳ್ಳೆಯ ಅಂಕಗಳನ್ನೇ ಗುರುತು ಮಾಡುತ್ತಿದ್ದೆ. ಇನ್ನು ಐದು ನಿಮಿಷ ಉಳಿದಿತ್ತು. ಪ್ರಶಿಕ್ಷಣಾರ್ಥಿ ಚೀಲದಿಂದ ಎರಡು ಕೋಲು ತೆಗೆದು ಮೇಜಿನ ಮೇಲಿಟ್ಟು, ‘ಇವುಗಳಲ್ಲಿ ಹೊಸಬರದು ಯಾವುದು, ನುರಿತವರದು ಯಾವುದು?’ ಎಂದು ಕೇಳಿದರು. ತರಗತಿ ಮೌನವಾಯಿತು. ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ‘ಹೊಳೀತಾ ಇರೋದು ನುರಿತೋರ್ದು ಮಿಸ್.’

ಅವನು ಹೇಳಿದ್ದು ತಪ್ಪು. ಹೊಳೆಯುತ್ತಿದ್ದದ್ದು ಈಚಿನ ಕ್ಯಾವಿಟಿ ಬ್ಯಾಕು. ಬ್ಲೇಡ್ ತುಕ್ಕಿನ ಚುಕ್ಕೆ ಬಿದ್ದ ಹಳೆಯ ಕೋಲು. ಪಟ್ಟಿಯನ್ನು ಬಾಯಿಪಾಠ ಒಪ್ಪಿಸಿದ್ದ ತರಗತಿಗೆ ಕೈಗೆ ಬಂದ ವಸ್ತುವನ್ನು ನೋಡಲು ಬರಲಿಲ್ಲ. ನಾನು ಗುರುತು ಮಾಡಿದ್ದ ಅಂಕಗಳನ್ನು ಮತ್ತೊಮ್ಮೆ ನೋಡಿಕೊಂಡೆ.

ಪಾಠದ ನಂತರದ ಮಾತುಕತೆ

ಶಾಲೆಯ ಹಿಂದಿನ ಹೊಂಗೆ ಮರದಡಿ ಕುಳಿತು ಮಾತಾಡಿದೆವು. ಪಟ್ಟಿ ಎಲ್ಲಿಂದ ಬಂತೆಂದು ಕೇಳಿದಾಗ, ಮೊಬೈಲಿನಲ್ಲಿ ನೋಡಿ ಬರೆದುಕೊಂಡದ್ದು ಎಂದರು. ಕೋಲುಗಳು? ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ತಂದೆ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಗಾಲ್ಫ್ ಮೈದಾನವೊಂದರಲ್ಲಿ ಕ್ಯಾಡಿ, ಅಂದರೆ ಆಟಗಾರರ ಕೋಲಿನ ಚೀಲ ಹೊರುವವರು, ಎಂದರು. ಆಟಗಾರರು ಬಿಟ್ಟುಕೊಟ್ಟ ಹಳೆಯ ಕೋಲುಗಳು ಇವು. ‘ತರಗತೀಲಿ ಹೇಳೋಕೆ ಸಂಕೋಚ ಆಯ್ತು ಸರ್.’

‘ನಿಮ್ಮ ತಂದೆಯವರು ಯಾರಿಗೆ ಯಾವ ಕೋಲು ಅಂತ ಹೇಗೆ ಹೇಳುತ್ತಾರೆ?’ ಎಂದೆ.

‘ಅವರು ಪಟ್ಟಿ ನೋಡಲ್ಲ ಸರ್. ಕೋಲಿನ ಮುಖ ಒರೆಸುವಾಗ ಸವೆದಿರೋ ಜಾಗ ನೋಡ್ತಾರೆ. ಒಂದು ರೂಪಾಯಿ ನಾಣ್ಯದಷ್ಟೇ ಸವೆದಿದ್ರೆ ಒಬ್ಬ, ಮುಖದ ತುಂಬ ಚದುರಿ ಸವೆದಿದ್ರೆ ಇನ್ನೊಬ್ಬ ಅಂತಾರೆ.’

ಇಡೀ ಪಾಠ ಅಲ್ಲಿತ್ತು. ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು, ನಾನೂ ಅದಕ್ಕೆ ಸಹಿ ಹಾಕಿದ್ದೆ. ಅಭ್ಯಾಸ ಪಾಠಕ್ಕೆ ಸಾಮಗ್ರಿ ಹುಡುಕುವಾಗ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಅನೇಕರು ಮನೆಯ ಕಸುಬನ್ನು ಬಚ್ಚಿಡುತ್ತಾರೆ. ನೇಯ್ಗೆ, ಮಡಿಕೆ, ದನದ ವ್ಯಾಪಾರ ಯಾವುದೂ ಪಾಠ ಯೋಜನೆಯ ಹಾಳೆಗೆ ಬರುವುದಿಲ್ಲ. ಹಾಳೆಯಲ್ಲಿ ಅದಕ್ಕೆ ನಾವು ಜಾಗ ಇಟ್ಟಿಲ್ಲವೆಂದೂ ಹೇಳಬಹುದು.

ಎರಡನೆಯ ವಿಭಾಗಕ್ಕೆ ಅದೇ ಪಾಠವನ್ನು ಮರುರಚಿಸಿ ಬೋಧಿಸುವುದೆಂದು ತೀರ್ಮಾನಿಸಿದೆವು. ನಡುವೆ ಆರು ದಿನ ಇತ್ತು.

ವಿಷಯದ ಸಿದ್ಧತೆ

ಈ ಆರು ದಿನಗಳಲ್ಲಿ ಪ್ರಶಿಕ್ಷಣಾರ್ಥಿ ಓದಿ, ತಂದೆಯವರನ್ನು ಕೇಳಿ, ಅಳೆದು ಸಂಗ್ರಹಿಸಿದ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಕೊಡುತ್ತೇನೆ. ಬೇರೆಯವರು ಈ ಪಾಠ ಮಾಡುವುದಾದರೆ ಬೇಕಾಗುತ್ತದೆ.

ಗಾಲ್ಫ್ ಚೆಂಡಿನ ತೂಕ ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ. ಆಟಗಾರ ಒಂದು ಸುತ್ತಿಗೆ 14 ಕೋಲುಗಳವರೆಗೆ ಒಯ್ಯಬಹುದು. ಅವುಗಳಲ್ಲಿ ಲೋಹದ ಚಪ್ಪಟೆ ತಲೆಯವು ಐರನ್‌ಗಳು. ಸಂಖ್ಯೆ ಹೆಚ್ಚಿದಂತೆ ಮುಖ ಹೆಚ್ಚು ಹಿಂದಕ್ಕೆ ವಾಲಿರುತ್ತದೆ, ದಂಡ ಗಿಡ್ಡವಾಗುತ್ತದೆ, ಚೆಂಡು ಹೆಚ್ಚು ಎತ್ತರಕ್ಕೆ ಎದ್ದು ಹತ್ತಿರ ಬೀಳುತ್ತದೆ. 3 ಮತ್ತು 4ನೇ ಸಂಖ್ಯೆಯವು ಎಲ್ಲಕ್ಕಿಂತ ಕಷ್ಟ. ಇಂದು ಅವುಗಳ ಬದಲು ದಪ್ಪ ತಲೆಯ ‘ಹೈಬ್ರಿಡ್’ ಕೋಲು ಇಟ್ಟುಕೊಳ್ಳುವವರು ಬಹಳ, ವೃತ್ತಿಪರರೂ ಸೇರಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ (2021ರಲ್ಲಿ ನಡೆದದ್ದು) ನಾಲ್ಕನೆಯವರಾದ ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವುದಕ್ಕೆ ಹೆಸರಾದವರಲ್ಲ. ಹಸಿರಿನ ಹತ್ತಿರದ ಆಟದಲ್ಲಿ, ಪಟಿಂಗ್‌ನಲ್ಲಿ ಅವರ ಬಲವಿತ್ತು. ಅಲ್ಲಿ ಅವರ ಚೀಲ ಹೊತ್ತ ಕ್ಯಾಡಿ ಅವರ ತಾಯಿಯೇ. ಈ ಕೊನೆಯ ಮಾತನ್ನು ಪಾಠದಲ್ಲಿ ಸೇರಿಸಲು ನಾನು ಹೇಳಿದೆ. ಏಕೆಂದು ಓದುಗರಿಗೆ ತಿಳಿದೀತು.

ಚೆಂಡು ಕೋಲಿನ ಮುಖಕ್ಕೆ ತಾಗಿರುವ ಕಾಲ ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ. ಅಷ್ಟರಲ್ಲಿ ಕೈ ಏನನ್ನೂ ತಿದ್ದಲಾರದು. ಚೆಂಡು ಮುಖದ ನಡುವಿಗೆ ತಾಗದೆ ತುದಿಗೋ ಹಿಮ್ಮಡಿಗೋ ತಾಗಿದರೆ ತಲೆ ತಿರುಚಿಕೊಳ್ಳುತ್ತದೆ, ಚೆಂಡು ಬೇರೆ ದಿಕ್ಕಿಗೆ ಹೋಗುತ್ತದೆ, ದೂರವೂ ಕಡಿಮೆಯಾಗುತ್ತದೆ. ಎಷ್ಟು ತಿರುಚಿಕೊಳ್ಳುತ್ತದೆ ಎಂಬುದನ್ನು ಭಾರ ಎಲ್ಲಿದೆ ಎಂಬುದು ನಿರ್ಧರಿಸುತ್ತದೆ. ಬ್ಲೇಡಿನಲ್ಲಿ ಭಾರ ನಡುವಿನ ಹಿಂದೆ ಒಟ್ಟಾಗಿದೆ. ಕ್ಯಾವಿಟಿ ಬ್ಯಾಕಿನಲ್ಲಿ ಬೆನ್ನನ್ನು ಕೊರೆದು ಆ ಲೋಹವನ್ನು ಅಂಚಿಗೆ ಸರಿಸಲಾಗಿದೆ. ಈ ವಿಚಾರವನ್ನು ಆಟಕ್ಕೆ ತಂದವರಲ್ಲಿ ಪ್ರಮುಖರು ಕಾರ್ಸ್ಟನ್ ಸೋಲ್‌ಹೈಮ್ ಎಂಬ ಇಂಜಿನಿಯರ್. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದವರು, 1959ರಲ್ಲಿ ತುದಿ ಮತ್ತು ಹಿಮ್ಮಡಿಗೆ ಭಾರ ಹಂಚಿದ ಪಟರ್ ಮಾಡಿದರು. ಚೆಂಡು ತಾಗಿದಾಗ ಅದು ಮಾಡುತ್ತಿದ್ದ ಸದ್ದಿನಿಂದಲೇ ‘ಪಿಂಗ್’ ಎಂಬ ಹೆಸರು ಬಂತು. ಅನಂತರ ಅದೇ ತತ್ವ ಐರನ್‌ಗೂ ಬಂತು. ಅಂಥ ತಲೆಗಳನ್ನು ಮೇಣದ ಅಚ್ಚಿನಿಂದ ಎರಕ ಹೊಯ್ಯುತ್ತಾರೆ. ನಮ್ಮಲ್ಲಿ ಕಂಚಿನ ವಿಗ್ರಹಗಳನ್ನು ಶತಮಾನಗಳಿಂದ ಮಾಡುತ್ತಿರುವುದೂ ಮೇಣ ಕರಗಿಸಿ ಲೋಹ ಎರೆಯುವ ಇದೇ ವಿಧಾನದಿಂದ.

ತಳದ ಅಗಲದ ವಿಷಯ ಬೇರೆ. ಚೆಂಡಿಗೂ ಮೊದಲು ನೆಲಕ್ಕೆ ತಾಗಿಸುವ ಅಭ್ಯಾಸವಿರುವವನಿಗೆ ತೆಳು ತಳ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಅಗಲ ತಳ ಜಾರಿಕೊಂಡು ಹೋಗುತ್ತದೆ. ಹಾಗೆಂದು ಅಗಲವೇ ಯಾವಾಗಲೂ ಮೇಲಲ್ಲ. ಬೇಸಿಗೆಯಲ್ಲಿ ಕಲ್ಲಾದ ನೆಲದ ಮೇಲೆ ಅದು ಪುಟಿದು ಚೆಂಡಿನ ನಡು ಹೊಟ್ಟೆಗೆ ಹೊಡೆಯುವುದುಂಟು. ದಂಡ ಉಕ್ಕಿನದೋ ಗ್ರಾಫೈಟಿನದೋ ಎಂಬುದು ತೂಕದ ಪ್ರಶ್ನೆ. ನಿಧಾನವಾಗಿ ಬೀಸುವವರಿಗೆ ಹಗುರವಾದದ್ದು, ಸ್ವಲ್ಪ ಬಳುಕುವಂಥದ್ದು ಒಗ್ಗುತ್ತದೆ.

ಕೋಲಿನ ಮೇಲಿನ ಸಂಖ್ಯೆಯನ್ನೂ ನಂಬುವಂತಿಲ್ಲ. ಪ್ರಶಿಕ್ಷಣಾರ್ಥಿ ದಂಡವನ್ನು ನೂಲುಗುಂಡಿಗೆ ಸರಿಯಾಗಿ ನೆಟ್ಟಗೆ ನಿಲ್ಲಿಸಿ ಕೋನಮಾಪಕದಿಂದ ಅಳೆದರು. ಎರಡರ ಮೇಲೂ 7 ಎಂದಿತ್ತು. ಹಳೆಯದರ ವಾಲು 35 ಡಿಗ್ರಿ, ಹೊಸದರದು 30 ಡಿಗ್ರಿ. ಹೆಚ್ಚುಕಡಿಮೆ ಹಿಂದಿನ 5ನೇ ಸಂಖ್ಯೆಯ ಕೋಲೇ ಇಂದು 7 ಎಂದು ಹೆಸರು ಬದಲಿಸಿಕೊಂಡಿದೆ. ‘ಹೊಸ 7ರಲ್ಲಿ ಚೆಂಡು ಬಹಳ ದೂರ ಹೋಗುತ್ತದೆ’ ಎಂಬ ಸಂತೋಷದಲ್ಲಿ ಒಂದು ಪಾಲು ಹೀಗೆ ಬಂದದ್ದು.

ಎರಡನೆಯ ಪಾಠ

ಪೂರ್ವಜ್ಞಾನದ ಪ್ರಶ್ನೆ ಈ ಬಾರಿ ಗಾಲ್ಫಿನಿಂದ ಆರಂಭವಾಗಲಿಲ್ಲ, ಮುಡುಕುತೊರೆಯ ದನಗಳ ಜಾತ್ರೆಯಿಂದ ಆರಂಭವಾಯಿತು. ‘ಜಾತ್ರೇಲಿ ಜೋಡಿ ಕೊಳ್ಳೋವಾಗ ಏನು ನೋಡ್ತಾರೆ?’ ಉತ್ತರಗಳು ಒಂದರ ಮೇಲೊಂದು ಬಂದವು. ಹಲ್ಲು ನೋಡ್ತಾರೆ, ಹಾಲಲ್ಲೋ, ಎರಡಲ್ಲೋ, ನಾಕಲ್ಲೋ. ಸುಳಿ ನೋಡ್ತಾರೆ. ನಡೆಸಿ ನೋಡ್ತಾರೆ. ‘ಹೊಸದಾಗಿ ಉಳೋದು ಕಲಿಯೋನಿಗೆ?’ ಎಂದು ಕೇಳಿದಾಗ ಹುಡುಗಿಯೊಬ್ಬಳು, ‘ಪಳಗಿದ್ ಎತ್ತೇ ಕೊಡ್ಬೇಕು ಮಿಸ್, ಅವನು ತಪ್ಪಿದ್ರೂ ಎತ್ತು ಸಾಲು ಬಿಡಲ್ಲ’ ಎಂದಳು. ಕೂಡಲೇ ಪಕ್ಕದ ಹುಡುಗ ತಿದ್ದಿದ: ‘ಅಂಗಾದ್ರೆ ಅವನು ಕಲಿಯಾದ್ಯಾವಾಗ? ಎತ್ತೇ ಉತ್ತಂಗಾಯ್ತು.’

ಪ್ರಶಿಕ್ಷಣಾರ್ಥಿ ಈ ಎರಡೂ ಮಾತುಗಳನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟರು. ಯಾವುದು ಸರಿ ಎಂದು ಹೇಳಲಿಲ್ಲ. ಗಾಲ್ಫ್ ಆಟ ಕಲಿಸುವವರ ನಡುವೆ ಇಂದಿಗೂ ಇರುವ ವಾದ ಇದೇ ಎಂಬುದು ಮಕ್ಕಳಿಗೆ ಗೊತ್ತಿರಲಿಲ್ಲ. ಬ್ಲೇಡಿನಲ್ಲೇ ಕಲಿತವನ ಕೈ ಚೊಕ್ಕವಾಗುತ್ತದೆ, ತಪ್ಪಿದ ಕೂಡಲೇ ಕೈ ಜುಮ್ಮೆನ್ನುತ್ತದೆ ಎನ್ನುವವರಿದ್ದಾರೆ. ನಾಲ್ಕು ದಿನ ಕೈ ಜುಮ್ಮೆಂದು ಐದನೆಯ ದಿನ ಆಟವನ್ನೇ ಬಿಟ್ಟರೆ ಏನು ಕಲಿತಂತಾಯಿತು ಎನ್ನುವವರೂ ಇದ್ದಾರೆ.

ನಂತರ ಪ್ರಯೋಗ. 30 ಸೆಂ.ಮೀ. ಮರದ ಅಳತೆಪಟ್ಟಿಗೆ ಒಂದೇ ತೂಕದ ಎರಡು ಜೇಡಿಮಣ್ಣಿನ ಉಂಡೆಗಳನ್ನು ನಡುವಿನಿಂದ 3 ಸೆಂ.ಮೀ. ದೂರದಲ್ಲಿ ಅಂಟಿಸಿ, ಪಟ್ಟಿಯ ನಡುವನ್ನು ಬೆರಳುಗಳಲ್ಲಿ ಹಿಡಿದು ಬೇಗ ಬೇಗ ಆಚೀಚೆ ತಿರುಗಿಸಿದರು. ಅನಂತರ ಅದೇ ಉಂಡೆಗಳನ್ನು 12 ಸೆಂ.ಮೀ.ಗೆ ಸರಿಸಿ ಮತ್ತೆ ತಿರುಗಿಸಿದರು. ತೂಕ ಬದಲಾಗಲಿಲ್ಲ, ಆದರೆ ಬೆರಳು ನೋಯುವಷ್ಟು ವ್ಯತ್ಯಾಸ. ದೂರ ನಾಲ್ಕು ಪಟ್ಟಾದಾಗ ಉಂಡೆಗಳು ತಿರುಗುವುದಕ್ಕೆ ಒಡ್ಡುವ ಜಡತ್ವ ಹದಿನಾರು ಪಟ್ಟಾಗುತ್ತದೆ ಎಂಬುದನ್ನು ಪ್ರಶಿಕ್ಷಣಾರ್ಥಿ ಹೇಳಿದರಾದರೂ ಸೂತ್ರ ಬರೆಸಲಿಲ್ಲ. ಅದು 9ನೇ ತರಗತಿಯ ಪಠ್ಯದಲ್ಲಿಲ್ಲ, ಅಲ್ಲಿಗೆ ನಿಲ್ಲಿಸಿದ್ದೇ ಸರಿ. ಐರನ್ ತಲೆಗಳ ನಡುವಿನ ವ್ಯತ್ಯಾಸ ಇಷ್ಟು ದೊಡ್ಡದಲ್ಲ ಎಂದು ಮಾತ್ರ ಸ್ಪಷ್ಟಪಡಿಸಬೇಕಿತ್ತು, ಅದು ಬಿಟ್ಟುಹೋಯಿತು. ಈಗ ಕೋಲುಗಳನ್ನು ಕೈಯಿಂದ ಕೈಗೆ ದಾಟಿಸಿ ‘ಭಾರ ಎಲ್ಲಿದೆ?’ ಎಂದು ಕೇಳಿದರು. ಹೊಳಪಿನ ಮಾತು ಯಾರೂ ಎತ್ತಲಿಲ್ಲ. ಬೆನ್ನು ತಿರುಗಿಸಿ ಗುಳಿ ಮುಟ್ಟಿ ನೋಡಿದರು.

ತಳದ ಪರೀಕ್ಷೆಗೆ ತಲಕಾಡಿನ ಮರಳು ಬೇಕೇ ಎಂದು ನಾನು ತಮಾಷೆ ಮಾಡಿದ್ದೆ. ಶಾಲೆಯ ಕಟ್ಟಡ ಕೆಲಸಕ್ಕೆ ತಂದಿದ್ದ ಮರಳಿನ ಗುಡ್ಡೆ ಸಾಕಾಯಿತು. ತೆಳು ತಳ ಒಳಗಿಳಿಯಿತು, ಅಗಲ ತಳ ಮೇಲೇ ಜಾರಿತು. ‘ಒಂದು ಕುಳ, ಇನ್ನೊಂದು ಗದ್ದೆ ಮಟ್ಟ ಮಾಡೋ ಹಲಗೆ’ ಎಂದು ಯಾರೋ ಅಂದರು. ನಮ್ಮ ಪಾಠ ಯೋಜನೆಯಲ್ಲಿ ಇಷ್ಟು ಒಳ್ಳೆಯ ಹೋಲಿಕೆ ಇರಲಿಲ್ಲ.

ಪಾಠದ ತಿರುಳು ಆಮೇಲಿನ ಭಾಗ. ದೈಹಿಕ ಶಿಕ್ಷಕರ ನೆರವಿನಿಂದ ಮೈದಾನದ ಮೂಲೆಯಲ್ಲಿ ಗೋಣಿಚೀಲಗಳನ್ನು ಹೊಲಿದ ಪರದೆಯನ್ನು ಸಡಿಲವಾಗಿ ಇಳಿಬಿಟ್ಟಿದ್ದೆವು. ಹೊಡೆಯುವವರು ಒಬ್ಬರೇ, ಉಳಿದವರೆಲ್ಲ ಸುಣ್ಣದ ಗೆರೆಯ ಹಿಂದೆ, ಬೀಸು ಮೊಣಕಾಲಿನೆತ್ತರ ಮೀರುವಂತಿಲ್ಲ. ಚೆಂಡಿಗೆ ಸೀಮೆಸುಣ್ಣದ ಪುಡಿ ಬಳಿದರು. ಹೊಡೆದಾಗ ಕೋಲಿನ ಮುಖದ ಮೇಲೆ ಬಿಳಿ ಗುರುತು ಬೀಳುತ್ತದೆ. ಪ್ರತಿ ಹೊಡೆತದ ನಂತರ ಗುರುತನ್ನು ಹಾಳೆಯಲ್ಲಿ ಬಿಡಿಸಿದ ಮುಖದ ಚಿತ್ರಕ್ಕೆ ದಾಟಿಸಿ ಒರೆಸುವುದು. ಮೂವರು ಮಕ್ಕಳು, ತಲಾ ಎಂಟು ಹೊಡೆತ. ಹೆಚ್ಚಿಗೆ ಸಮಯವಿರಲಿಲ್ಲ.

ಮೂವರೂ ಅಂದೇ ಮೊದಲ ಬಾರಿ ಕೋಲು ಹಿಡಿದವರು. ಹಿಂದಿನ ವಾರದ ಪಟ್ಟಿಯಲ್ಲಿ ಮೂವರೂ ‘ಹೊಸಬ’ ಎಂಬ ಒಂದೇ ಸಾಲಿಗೆ ಸೇರುತ್ತಿದ್ದರು. ಹಾಳೆಗಳು ಬೇರೆಯದೇ ಹೇಳಿದವು. ಒಬ್ಬ ಹುಡುಗನ ಗುರುತುಗಳು ತುದಿ, ಹಿಮ್ಮಡಿ, ಮೇಲು, ಕೆಳಗು ಎಲ್ಲೆಲ್ಲೂ. ಒಬ್ಬ ಹುಡುಗಿಯ ಎಂಟರಲ್ಲಿ ಏಳು ತುದಿಯ ಹತ್ತಿರ ಒಂದೇ ಕಡೆ ಗುಂಪಾಗಿದ್ದವು. ಮೂರನೆಯವನು ಎರಡು ಸಲ ಚೆಂಡಿಗೆ ಮೊದಲೇ ಮಣ್ಣು ಕೆತ್ತಿದ.

‘ಇವರಿಗೆ ಯಾವ ಕೋಲು?’ ತರಗತಿ ಈ ಬಾರಿ ಹಾಳೆ ನೋಡಿ ಮಾತಾಡಿತು. ಮೊದಲನೆಯವನಿಗೆ ಅಂಚಿಗೆ ಭಾರವಿರುವುದು ಬೇಕು, ಏಕೆಂದರೆ ಅವನ ತಪ್ಪು ಎಲ್ಲಿ ಬೀಳುತ್ತದೆಂದು ಅವನಿಗೇ ಗೊತ್ತಿಲ್ಲ. ಮಣ್ಣು ಕೆತ್ತಿದವನಿಗೆ ಅಗಲ ತಳ. ಹುಡುಗಿಯ ವಿಷಯದಲ್ಲಿ ಜಗಳವೇ ಆಯಿತು. ತಪ್ಪು ಹೊಡೆದಿದ್ದಾಳೆ, ಅವಳಿಗೂ ಕ್ಯಾವಿಟಿ ಕೊಡಿ ಎಂದರು ಕೆಲವರು. ಕೊನೆಗೆ ಅವಳೇ ಬ್ಲೇಡನ್ನು ಕೈಗೆತ್ತಿಕೊಂಡು ಚೆಂಡಿಗೆ ಅರ್ಧ ಗೇಣು ಹತ್ತಿರ ಬಂದು ನಿಂತಳು. ಮುಂದಿನ ಮೂರು ಗುರುತುಗಳು ನಡುವಿಗೆ ಬಂದವು. ಅವಳಿಗೆ ಬೇಕಾಗಿದ್ದದ್ದು ಬೇರೆ ತಲೆಯಲ್ಲ, ನಿಲ್ಲುವ ಜಾಗ. ಬೆಳೆದವರಾಗಿದ್ದರೆ ದಂಡದ ಉದ್ದವನ್ನೋ ಅದು ನೆಲಕ್ಕೆ ಮಾಡುವ ಕೋನವನ್ನೋ ಸರಿಪಡಿಸುತ್ತಿದ್ದರು.

ವೀಕ್ಷಕರ ಚರ್ಚೆಯಿಂದ

ಸಹೋದ್ಯೋಗಿಯೊಬ್ಬರು ಹ್ಯಾಂಡಿಕ್ಯಾಪ್ ಪಟ್ಟಿ ತಪ್ಪೇನಲ್ಲವಲ್ಲ ಎಂದರು. ತಪ್ಪಲ್ಲ, ಆದರೆ ಅದು ಏನನ್ನು ಅಳೆಯುತ್ತದೆಂದು ನೋಡಬೇಕು. ಹ್ಯಾಂಡಿಕ್ಯಾಪ್ ಆಟಗಾರನ ಒಟ್ಟು ಆಟದ ಲೆಕ್ಕ. 2020ರಲ್ಲಿ ಜಾರಿಗೆ ಬಂದ ವಿಶ್ವ ಪದ್ಧತಿಯಲ್ಲಿ ಅದು 54ರವರೆಗೆ ಹೋಗುತ್ತದೆ. ಪಟಿಂಗ್ ಕೆಟ್ಟದಾಗಿ ಆಡುವವನಿಗೂ ಸಂಖ್ಯೆ ದೊಡ್ಡದಾಗುತ್ತದೆ, ಐರನ್ ಮುಖದಲ್ಲಿ ಚದುರಿ ಹೊಡೆಯುವವನಿಗೂ ದೊಡ್ಡದಾಗುತ್ತದೆ. ಇಬ್ಬರಿಗೂ ಒಂದೇ ಐರನ್ ಕೊಡುವುದು, ರೂಪಣಾತ್ಮಕ ಪರೀಕ್ಷೆಯಲ್ಲಿ ಇಬ್ಬರಿಗೂ 8 ಅಂಕ ಬಂತೆಂದು ಇಬ್ಬರಿಗೂ ಒಂದೇ ಪರಿಹಾರ ಬೋಧನೆ ಕೊಟ್ಟಂತೆ. ಒಬ್ಬ ದಶಮಾಂಶದ ಚುಕ್ಕಿಯನ್ನು ಪ್ರತಿಸಲ ಒಂದು ಸ್ಥಾನ ಆಚೆ ಇಡುತ್ತಾನೆ, ಇನ್ನೊಬ್ಬನ ತಪ್ಪುಗಳಿಗೆ ದಿಕ್ಕೇ ಇಲ್ಲ. ನಮ್ಮ ಪಾಠ ಯೋಜನೆಯ ಹಾಳೆಯಲ್ಲಿ ‘ಕಲಿಕಾರ್ಥಿಗಳ ಮಟ್ಟ: ಮುಂದುವರಿದ, ಸಾಧಾರಣ, ನಿಧಾನ’ ಎಂಬ ಕಂಬಸಾಲಿದೆ. ಅದನ್ನು ಭರ್ತಿ ಮಾಡುವಾಗ ಪ್ರಶಿಕ್ಷಣಾರ್ಥಿಗಳು ನೋಡುವುದು ಅಂಕಗಳ ರಿಜಿಸ್ಟರನ್ನು, ಉತ್ತರಪತ್ರಿಕೆಗಳನ್ನಲ್ಲ.

ಸಲಕರಣೆ ತಪ್ಪನ್ನು ಮನ್ನಿಸಿದರೆ ಕಲಿಯುವವನಿಗೆ ತಪ್ಪು ಕಾಣದೆ ಹೋಗುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಎತ್ತೇ ಉತ್ತಂಗಾಯ್ತು ಎಂದ ಹುಡುಗನದೂ ಇದೇ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಮನ್ನಿಸುವ ಕೋಲನ್ನೇ ಕೊಡಬೇಕು, ಜೊತೆಗೆ ಸೀಮೆಸುಣ್ಣವನ್ನೂ ಬಿಡಬಾರದು. ಚೆಂಡು ಪರವಾಗಿಲ್ಲ ಎನ್ನುವಷ್ಟು ನೇರ ಹೋದರೂ ಮುಖದ ಮೇಲಿನ ಗುರುತು ನಿಜ ಹೇಳುತ್ತದೆ. ಸಹೋದ್ಯೋಗಿ ಇದನ್ನು ಪೂರ್ತಿ ಒಪ್ಪಲಿಲ್ಲ. ಗುರುತು ನೋಡುವುದೇ ಬೇರೆ, ಕೈಗೆ ತಿಳಿಯುವುದೇ ಬೇರೆ ಎಂಬುದು ಅವರ ವಾದ.

ಕುಂದುಗಳೂ ಇದ್ದವು. ಮೈದಾನಕ್ಕೆ ಹೋಗಿ ಬರುವಷ್ಟರಲ್ಲಿ ಏಳೆಂಟು ನಿಮಿಷ ಕಳೆಯಿತು. ಪಠ್ಯದ ಜಡತ್ವದ ವ್ಯಾಖ್ಯೆಗೆ ಮಕ್ಕಳನ್ನು ಮರಳಿ ತರಲು ಸಮಯ ಸಾಲಲಿಲ್ಲ, ಮರುದಿನದ ಅವಧಿಯಲ್ಲಿ ಮಾಡಬೇಕಾಯಿತು. ಮೂವರು ಹೊಡೆದರು, ಉಳಿದವರು ನೋಡಿದರು. ಹಾಳೆ ತುಂಬುವ ಕೆಲಸವನ್ನು ಗುಂಪುಗಳಿಗೆ ಹಂಚಬಹುದಿತ್ತು. ಅದಿತಿ ಅಶೋಕ್ ಅವರ ತಾಯಿಯ ಮಾತು ಬಂದಾಗ, ‘ನಮ್ಮ ತಂದೆಯೂ ಕ್ಯಾಡಿ, ಈ ಕೋಲುಗಳು ಅವರು ಕೊಟ್ಟದ್ದು’ ಎಂದು ಪ್ರಶಿಕ್ಷಣಾರ್ಥಿ ತಾವಾಗಿಯೇ ಹೇಳಿದರು. ಮಕ್ಕಳಿಂದ ಅವರ ತಂದೆಯ ಬಗ್ಗೆ ಬಂದಷ್ಟು ಪ್ರಶ್ನೆಗಳು ಜಡತ್ವದ ಬಗ್ಗೆ ಬರಲಿಲ್ಲ. ಚೀಲ ಎಷ್ಟು ಭಾರ, ದಿನಕ್ಕೆ ಎಷ್ಟು ದೂರ ನಡೆಯುತ್ತಾರೆ, ಚೆಂಡು ಕಳೆದರೆ ಯಾರು ಹುಡುಕುತ್ತಾರೆ. ಇದನ್ನು ನಾನು ಕುಂದುಗಳ ಪಟ್ಟಿಯಲ್ಲಿ ಬರೆದಿಲ್ಲ.

ಗಂಟೆ ಹೊಡೆದ ಮೇಲೆ ಎರಡನೆಯ ಸಾಲಿನ ಹುಡುಗಿಯೊಬ್ಬಳು ಉಳಿದುಕೊಂಡು ಕೋಲನ್ನು ಎಡಗೈ ಕೆಳಗಾಗಿ ಹಿಡಿದು ನಿಂತಳು. ಎರಡೂ ಬಲಗೈಯವರ ಕೋಲುಗಳು. ಚೆಂಡಿಗೆ ಎದುರಾದದ್ದು ಮುಖವಲ್ಲ, ಬೆನ್ನು. ‘ನಂಗ್ಯಾವ್ದು ಮಿಸ್?’ ಎಂದಳು. ಎಡಗೈಯವರು ಹಾಜರಾತಿಯಲ್ಲಿ ಎಷ್ಟು ಮಂದಿ ಎಂದು ನಾವು ಯಾರೂ ಎಣಿಸಿರಲಿಲ್ಲ. ಆ ಸಂಜೆಯೇ ಪ್ರಶಿಕ್ಷಣಾರ್ಥಿ ತಂದೆಗೆ ಫೋನ್ ಮಾಡಿದ್ದಾರೆ. ಎಡಗೈಯ 7 ಹಳೆಯದು ಸಿಗುವುದು ಅಪರೂಪ, ಕೇಳಿ ನೋಡುತ್ತೇನೆ ಎಂದಿದ್ದಾರಂತೆ.